ವೆಂಕಟರಾಯಪ್ಪನವರ ಹಳದಿ ರೆಪ್ಪೆ

ಮಧುರೆ ಹೋಬಳಿಯ ನಮ್ಮೂರಿನಲ್ಲಿ ವೆಂಕಟರಾಯಪ್ಪನವರನ್ನು ಮೊದಲ ಸಲ ನೋಡುವವರ ಕಣ್ಣು ಅವರ ರೆಪ್ಪೆಗಳ ಮೇಲೆ ನಿಲ್ಲುತ್ತದೆ. ಮೂಗಿನ ಪಕ್ಕಕ್ಕೆ, ಎರಡೂ ಮೇಲುರೆಪ್ಪೆಗಳಲ್ಲಿ, ಬೆಣ್ಣೆ ಮೆತ್ತಿದಂತೆ ಹಳದಿ ಗಂಟುಗಳಿವೆ. "ನಮ್ಮಪ್ಪನಿಗೂ ಇತ್ತು, ನಮ್ಮಣ್ಣನಿಗೂ ಇತ್ತು. ಚಿನ್ನದ ಕಣ್ಣು ನಮ್ದು" ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಪ್ಪ ಮತ್ತು ಅಣ್ಣ ಬೈಲಪ್ಪ ಇಬ್ಬರೂ ತಲೆ ನರೆಯುವ ಮೊದಲೇ ಎದೆ ಹಿಡಿದುಕೊಂಡು ಬಿದ್ದರೆಂಬುದನ್ನು ಮಾತ್ರ ಅದೇ ಉಸಿರಿನಲ್ಲಿ ಹೇಳುವುದಿಲ್ಲ.

ಸಾವಿಗೆ ಅವರ ಹತ್ತಿರ ಬೇರೆ ಕಾರಣವಿದೆ. ಬೈಲಪ್ಪ ಸತ್ತಾಗ, ಅವನ ಹೆಂಡತಿ ದ್ಯಾವಮ್ಮನ ಕಾಲ್ಗುಣ ಸರಿಯಿಲ್ಲವೆಂದು ತಿಥಿ ಮುಗಿಯುತ್ತಲೇ ಅವಳನ್ನು ತವರಿಗೆ ಕಳಿಸಿದರು. ವರ್ಷಗಳಾದ ಮೇಲೆ ಅವರ ಒಬ್ಬನೇ ಮಗ ಮುನಿಕೃಷ್ಣ ದಾಬಸ್‌ಪೇಟೆಯ ಗೋಡೌನಿನಲ್ಲಿ ಕೆಲಸ ಮುಗಿಸಿ ಬೈಕ್ ಹತ್ತುವಾಗ ಕುಸಿದು ಸತ್ತ. ಆಗ ಆ ಮಾತು ಸೊಸೆ ಲಕ್ಷ್ಮೀದೇವಮ್ಮನ ಮೇಲೆ ಬಿತ್ತು. ಹೆಣ್ಣು ಹೊಸಿಲು ದಾಟಿದರೆ ಗಂಡಿನ ಎದೆಯ ರಕ್ತನಾಳ ಕಟ್ಟಿಕೊಳ್ಳುತ್ತದೆ ಎನ್ನುವುದು ಇವರ ವೈದ್ಯಶಾಸ್ತ್ರ. ಇಂಥದ್ದನ್ನು ಹೇಳಲು ಓದು ಬೇಕಿಲ್ಲ, ನಾಚಿಕೆ ಇಲ್ಲದಿದ್ದರೆ ಸಾಕು.

ಲಕ್ಷ್ಮೀದೇವಮ್ಮ ಮನೆ ಬಿಡಲಿಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುತ್ತ ಮಗಳು ಅಕ್ಷತಳನ್ನು ಓದಿಸಿದಳು. ಅವಳ ದುಡಿಮೆಯ ಅನ್ನ ಉಂಡು, ಕೈ ತೊಳೆದು, ಕಟ್ಟೆಯ ಮೇಲೆ ಕೂತು ಅವಳ ಕಾಲ್ಗುಣ ಆಡಿಕೊಳ್ಳುವುದು ವೆಂಕಟರಾಯಪ್ಪನವರ ನಿತ್ಯದ ಉದ್ಯೋಗವಾಯಿತು.

ಹೋದ ವರ್ಷ ಅಕ್ಷತ ಕೊಕ್ಕೊ ಆಡುವಾಗ ಕಾಲು ಉಳುಕಿಸಿಕೊಂಡಳು. ಕಾಲು ನೋಡಿದ ಡಾಕ್ಟರು ಅವಳ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಗಂಟುಗಟ್ಟಿದಂತೆ ದಪ್ಪಗಿರುವುದನ್ನು ಗಮನಿಸಿ ರಕ್ತ ಪರೀಕ್ಷೆ ಮಾಡಿಸಿದರು. ಮಗುವಿನ ರಕ್ತದಲ್ಲಿ ಕೊಬ್ಬು ವಿಪರೀತವಿತ್ತು. ತಾಯಿಯ ರಕ್ತವನ್ನೂ ನೋಡಿದರು. ಅದರಲ್ಲಿ ಏನೂ ಇರಲಿಲ್ಲ.

"ಊಟದಿಂದ ಬಂದದ್ದಲ್ಲಮ್ಮ, ಅಪ್ಪನಿಂದ ಬಂದಿರೋ ಹಾಗಿದೆ" ಎಂದರು ಡಾಕ್ಟರು. "ರಕ್ತದ ಕೊಬ್ಬನ್ನ ಎಳ್ಕೊಂಡು ತೆಗೆಯೋ ಕೆಲಸದ ಜೀನ್ ಕೆಟ್ಟಿರುತ್ತೆ. ಹೆತ್ತವರಲ್ಲಿ ಒಬ್ಬರಿಗಿದ್ರೆ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರಬಹುದು. ಈಗಿಂದ್ಲೇ ಮಾತ್ರೆ ತಗೊಂಡ್ರೆ ಈ ಹುಡುಗಿ ಅಜ್ಜಿಯಾಗ್ತಾಳೆ. ಬಿಡಬೇಡಿ. ಮನೇಲಿ ಇನ್ನ್ಯಾರಿಗಾದ್ರೂ ರೆಪ್ಪೆ ಮೇಲೆ ಹಳದಿ ಗಂಟು ಇದ್ಯಾ?"

ಲಕ್ಷ್ಮೀದೇವಮ್ಮ ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಮಾವನವರು ಎದ್ದು ನಿಂತರು.

"ನಮ್ ರಕ್ತದಾಗೆ ಐಬಾ? ಮುದ್ದೆ ಉಣ್ಣೋ ಮೈ ಇದು. ಒಂದು ಚಟಾಕು ಬೊಜ್ಜು ತೋರ್ಸು ನೋಡನ!"

"ಬೊಜ್ಜಲ್ಲ ಮಾವ, ರಕ್ತದಾಗಿರೋದು."

"ಗಂಡನ್ನ ತಿಂದ್ಕೊಂಡೆ. ಈಗ ಮಗೀಗೆ ಮಾತ್ರೆ ತಿನ್ಸ್ತೀಯ?"

ಮಾತ್ರೆಯ ಪಟ್ಟಿಗಳು ತಿಪ್ಪೆಗೆ ಹೋದವು. ಮತ್ತೆ ತಂದದ್ದೂ ಅಲ್ಲಿಗೇ ಹೋಯಿತು. ತಮ್ಮ ವಂಶದ ಹೆಸರಿಗೆ ಮಸಿ ಹತ್ತುವುದಕ್ಕಿಂತ ಮೊಮ್ಮಗಳು ಅಪ್ಪನಂತೆ ಸಾಯುವುದೇ ಮೇಲು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಮಾಡಿ ತೋರಿಸಿದರು. ಕೊನೆಗೆ ತಾಯಿ ಮಾತ್ರೆಗಳನ್ನು ಊಟದ ಡಬ್ಬಿಯಲ್ಲಿ ಬಚ್ಚಿಟ್ಟು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಗಳಿಗೆ ನುಂಗಿಸುತ್ತಿದ್ದಳು. ಕಳ್ಳತನ ಮಾಡುವವಳಂತೆ ಆಚೀಚೆ ನೋಡುತ್ತಿದ್ದಳು. ಗಾರ್ಮೆಂಟ್ಸ್ ಬಸ್ಸು ಬೇಗ ಬಂದ ದಿನ ಮಾತ್ರೆ ತಪ್ಪುತ್ತಿತ್ತು.

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ. ವೆಂಕಟರಾಯಪ್ಪನವರು ಜಗಲಿಯ ಮೇಲೆ ಕೂತು, "ಅಕ್ಷತಾ, ಎಲೆಅಡಿಕೆ ಚೀಲ ತಾರವ್ವ" ಎಂದರು. ಹುಡುಗಿ ಚೀಲ ತಂದು, ಎಂದಿನಂತೆ ತಾನೇ ಅಡಿಕೆ ತೆಗೆದುಕೊಡಲು ಕೈ ಹಾಕಿದಳು. ಅಡಿಕೆಯ ಜೊತೆಗೆ ನೀಲಿ ಪಟ್ಟಿಯೊಂದು ಬಂತು.

"ಅಮ್ಮಾ! ತಾತಂದೂ ನನ್ ಮಾತ್ರೇನೆ!"

"ಥೂ, ಅದು ಗ್ಯಾಸಿಂದು ಕಣೇ!"

ಹುಲ್ಲಿನ ಹೊರೆ ಹೊತ್ತಾಗ ಎದೆ ಹಿಂಡಿದ್ದರಿಂದ ಅವರು ಯಾರಿಗೂ ಹೇಳದೆ ನೆಲಮಂಗಲಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಮೊಮ್ಮಗಳ ಮಾತ್ರೆಯನ್ನು ತಿಪ್ಪೆಗೆ ಎಸೆದ ಕೈ ತನ್ನದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತನ್ನ ಜೀವವೆಂದರೆ ವಂಶದ ಮಾನವೂ ಅಡ್ಡ ಬರುವುದಿಲ್ಲ.

ಲಕ್ಷ್ಮೀದೇವಮ್ಮ ಒಳಗಿನಿಂದ ಬಂದಳು. ಕೂಗಾಡಲಿಲ್ಲ. ತನ್ನ ಡಬ್ಬಿಯಿಂದ ಮಗಳ ಪಟ್ಟಿಯನ್ನು ತೆಗೆದು, ಎರಡನ್ನೂ ನಡುಮನೆಯಲ್ಲಿ ಮುನಿಕೃಷ್ಣನ ಫೋಟೋದ ಕೆಳಗಿನ ಗೂಡಿನಲ್ಲಿಟ್ಟಳು.

"ಇನ್ಮೇಲೆ ಇಲ್ಲೇ ಇರ್ತವೆ. ದಿನಾ ಇಬ್ರೂ ಒಟ್ಗೆ ನುಂಗಿ. ನುಂಗಿದ್ಮೇಲೆ ಬೇಕಾದ್ರೆ ನನ್ ಕಾಲ್ಗುಣದ ಮಾತಾಡಿ ಮಾವ."

ಅಂದು ರಾತ್ರಿ ಊಟವಾದ ಮೇಲೆ ಅಕ್ಷತ ಅಡಗಿಕೊಳ್ಳದೆ ಮಾತ್ರೆ ನುಂಗಿ, ಉಳಿದ ನೀರಿನ ಲೋಟವನ್ನು ತಾತನ ಮುಂದೆ ಹಿಡಿದಳು. ಅವರು ಫೋಟೋದ ಕಡೆ ನೋಡದೆ ನುಂಗಿದರು.

ಇಷ್ಟಾದ ಮೇಲಾದರೂ ಬುದ್ಧಿ ಬಂತೆಂದು ಯಾರೂ ತಿಳಿಯಬಾರದು. ಮಾರನೆಯ ಬೆಳಿಗ್ಗೆ ಡೇರಿಯ ಮುಂದೆ, ಹಾಲಿನ ಸಾಲಿನಲ್ಲಿ, ತಮ್ಮ ಓರಗೆಯ ಸಂಜೀವಪ್ಪನವರ ಹತ್ತಿರ ಹೇಳುತ್ತಿದ್ದರು: "ಏನ್ ಮಾಡದಪ್ಪಾ, ಸೊಸೆ ಕಡೆಯಿಂದ ಬಂದ ಕಾಯಿಲೆ. ಈಗ ನನಗೂ ಅಂಟ್ಕಂಡೈತೆ."

ಸಂಜೀವಪ್ಪನವರು ಅವರ ರೆಪ್ಪೆಗಳನ್ನೇ ನೋಡಿದರು. "ನಿಮ್ಮಣ್ಣ ಬೈಲಪ್ಪ ಬಿದ್ದು ಸತ್ತಾಗ ನಿನ್ ಸೊಸೆ ಹೊಸಕೋಟೆ ಕಡೆ ಲಂಗ ಹಾಕ್ಕೊಂಡು ಕುಂಟೆಬಿಲ್ಲೆ ಆಡ್ತಿದ್ಲು ಕಣೋ ವೆಂಕಟರಾಯ. ಅಲ್ಲಿಂದ್ಲೇ ಅಂಟಿಸಿದ್ಲಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ವೆಂಕಟರಾಯಪ್ಪನವರು ಟವೆಲಿನಿಂದ ಕಣ್ಣು ಒರೆಸಿಕೊಳ್ಳುವವರಂತೆ ರೆಪ್ಪೆ ಮುಚ್ಚಿಕೊಂಡು, ಹಾಲಿನ ಕ್ಯಾನನ್ನು ಮುಂದಕ್ಕೆ ತಳ್ಳಿದರು.