ಒರಳಿನಡಿಯ ಟೊಪ್ಪಿ

ದೆವ್ವ, ಪಿಶಾಚಿ ಎಂದರೆ ನಗುತ್ತಿದ್ದವಳು ನಾನು. ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಅಂಥ ಭಯಕ್ಕೆಲ್ಲ ಪುರುಸೊತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನಿಮಗೇನಾದರೂ ಅರ್ಥವಾದರೆ ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಗಲ್ಫ್‌ನಲ್ಲಿ, ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ, ಕಾಶ್ಮೀರಿ ಪಂಡಿತರ ಮನೆಯಲ್ಲಿ ಹೋಮ್ ನರ್ಸ್ ಆಗಿದ್ದೆ. ನೋಡಿಕೊಳ್ಳಬೇಕಾದದ್ದು ಯಜಮಾನರ ತಾಯಿಯನ್ನು. ಎಲ್ಲರೂ ಅವರನ್ನು ಮಾಜಿ, ಅಂದರೆ ಅಮ್ಮ, ಎನ್ನುತ್ತಿದ್ದರು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು. ಅದರ ಜೊತೆಗೆ ಹಿಂದಿಯೂ ಹೋಗಿ ಕಾಶ್ಮೀರಿ ಮಾತ್ರ ಉಳಿದಿತ್ತು. ಮೊಮ್ಮಗಳಿಗೆ ಅದು ಬಾರದು, ಅವಳದೆಲ್ಲ ಇಂಗ್ಲಿಷ್. ಕೊನೆಗೆ ಕೊಂಕಣಿ ಮನೆಮಾತಿನ ನಾನೇ ನೀರಿಗೆ ತ್ರೇಶ್, ಅನ್ನಕ್ಕೆ ಬತ್ತ ಎಂದು ಕಲಿತೆ.

ಅಡುಗೆಮನೆಯಲ್ಲಿ ಒಂದು ಕಲ್ಲಿನ ಒರಳಿತ್ತು. ಶ್ರೀನಗರದ ಮನೆ ಬಿಟ್ಟು ಓಡಿಬರುವಾಗ ಮಾಜಿ ಹಠ ಹಿಡಿದು ಲಾರಿಗೆ ಹಾಕಿಸಿದ್ದರಂತೆ, ಆಮೇಲೆ ಹಡಗಿನಲ್ಲಿ ಇಲ್ಲಿಗೂ ತರಿಸಿದ್ದರಂತೆ. ಅದನ್ನು ಎತ್ತಲು ಇಬ್ಬರು ಬೇಕು.

ಕಾಶ್ಮೀರಿ ಪಂಡಿತರಲ್ಲಿ ಚಳಿಗಾಲದ ಒಂದು ಅಮಾವಾಸ್ಯೆಯಂದು ಯಕ್ಷನಿಗೆಂದು ಖಿಚಡಿ ಮಾಡಿ, ಹುಲ್ಲಿನ ಸಿಂಬೆಯ ಮೇಲಿಟ್ಟು ಮನೆಯ ಹೊರಗಿಡುತ್ತಾರೆ. ತಿನ್ನಲು ಬಂದವನ ಟೊಪ್ಪಿ ಕಸಿದು ಭಾರದ ಕಲ್ಲಿನಡಿ ಅಡಗಿಸಿದರೆ ಅವನು ಆ ಮನೆಯ ಚಾಕರಿಗೇ ನಿಲ್ಲುತ್ತಾನಂತೆ. ಇದನ್ನು ಮನೆಯೊಡತಿ ನಗುತ್ತಾ ಹೇಳಿದ್ದರು, ನಾನೂ ನಕ್ಕಿದ್ದೆ.

ಆ ವರ್ಷದ ಅಮಾವಾಸ್ಯೆಯ ಮರುದಿನ ನಾನು ಕೆಲಸ ಬಿಡುವವಳಿದ್ದೆ. ಮದೀನತ್ ಜಾಯೆದ್‌ನಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿತ್ತು, ಅದು ಅಲ್ಲಿಂದ ದೂರದ ಊರು. ಮಾಜಿ ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಬಿಟ್ಟುಹೋಗಲು ಸಂಕಟವಿತ್ತು, ಆದರೆ ನಾನು ಸೋತು ಸುಣ್ಣವಾಗಿದ್ದೆ.

ಅಮಾವಾಸ್ಯೆಯ ಸಂಜೆ ಮನೆಯಲ್ಲಿ ನಾನು, ಮಾಜಿ ಇಬ್ಬರೇ. ಮಾಜಿಯ ಸನ್ನೆಯಂತೆ ಖಿಚಡಿ ಮಾಡಿ ಬಾಲ್ಕನಿಯಲ್ಲಿಟ್ಟೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಿಸಿ ತುಪ್ಪದ ವಾಸನೆ ತಡೆಯಲಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಯಕ್ಷನ ಪಾಲನ್ನು ನಿಂತಲ್ಲೇ ತಿಂದುಬಿಟ್ಟೆ. ತಲೆಯ ನೀಲಿ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತವಳಿಗೆ ಹಾಗೇ ನಿದ್ದೆ ಹತ್ತಿತು.

ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ಬಾಂಗು ಕೇಳಿ ಎಚ್ಚರವಾದಾಗ ಟೊಪ್ಪಿ ಇರಲಿಲ್ಲ. ಒಳಗೆ ಮಾಜಿ ಮಲಗಿದಲ್ಲೇ ಇದ್ದರು, ಬೀಳದಂತೆ ಹಾಕುವ ಮಂಚದ ಕಂಬಿಯೂ ಹಾಕಿಯೇ ಇತ್ತು.

"ಖಾ ಲಿಯಾ?" ಎಂದರು. ಹೋಗಿದ್ದ ಹಿಂದಿ ಎಲ್ಲಿಂದ ಬಂತೋ! "ಅಬ್ ಕಹೀಂ ನಹೀಂ ಜಾನಾ."

ತಿಂದೆಯಲ್ಲ, ಇನ್ನು ಎಲ್ಲಿಗೂ ಹೋಗಬೇಡ ಎಂದು. ಎಡಗೈ ಅಡುಗೆಮನೆ ತೋರಿಸುತ್ತಿತ್ತು.

ಅಷ್ಟರಲ್ಲಿ ಮಾಜಿಯ ಮಗ ಬಂದರು. ಒಳಗಿನ ಚಿಲಕ ತೆಗೆದು ಬಾಗಿಲು ತೆರೆದವಳು ನಾನೇ. ನಡೆದದ್ದು ಹೇಳಿದೆ. ಇಬ್ಬರೂ ಸೇರಿ ಒರಳನ್ನು ವಾಲಿಸಿದೆವು. ಅಡಿಯಲ್ಲಿ ನನ್ನ ಟೊಪ್ಪಿ, ನಾಲ್ಕು ಮಡಿಕೆಯಾಗಿ. ನಾನು ಅವರ ಮುಖ ನೋಡಿದೆ, ಅವರು ನನ್ನದು. "ಸಿಸ್ಟರ್, ರೆಹನೇ ದೀಜಿಯೇ," ಎಂದರು. ಇರಲಿ ಬಿಡಿ ಎಂದು ಬೇಡುವ ದನಿ. ಟೊಪ್ಪಿ ತೆಗೆಯದೆ ಒರಳನ್ನು ಹಾಗೇ ಕೂರಿಸಿದೆವು.

ಅಂದೇ ಮದೀನತ್ ಜಾಯೆದ್‌ನ ಗೆಳತಿಗೆ ಫೋನ್ ಮಾಡಿ, ಟೊಪ್ಪಿಯ ಕತೆ ಹೇಳಿ, ಬರುವುದಿಲ್ಲ ಎಂದೆ. ಆ ಕೆಲಸ ಕೊಡಿಸಿದವಳು ಅವಳೇ.

"ನಿಂಗೆ ಮರ್ಲುಂಟಾ ಮಾರಾಯ್ತಿ? ಒಂದು ಟೊಪ್ಪಿಗೋಸ್ಕರ ಯಾರಾದ್ರೂ ಸಿಕ್ಕಿದ ಕೆಲಸ ಬಿಡ್ತಾರಾ?" ಎಂದು ಬೈದಳು.

ಟೊಪ್ಪಿಗಾಗಿ ಉಳಿದೆನೋ, ಮಾಜಿಯ ಮೇಲಿನ ಕನಿಕರಕ್ಕೋ, ನನಗೇ ಗೊತ್ತಿಲ್ಲ. ಅವರು ಇನ್ನೊಂದು ವರ್ಷ ಬದುಕಿದರು. ಕೊನೆಯ ತುತ್ತು ಉಂಡದ್ದೂ ನನ್ನ ಕೈಯಿಂದಲೇ. ಒಂದು ಬೆಳಿಗ್ಗೆ ಅವರ ಉಸಿರು ನಿಂತದ್ದನ್ನು ನೋಡಿ, ಮುಖ ಒರೆಸಲು ಬಿಸಿನೀರು ತರೋಣವೆಂದು ಅಡುಗೆಮನೆಗೆ ಹೋದೆ. ಮನೆಯವರು ಇನ್ನೂ ಎದ್ದಿರಲಿಲ್ಲ.

ಟೊಪ್ಪಿ ಒರಳಿನ ಅಡಿಯಲ್ಲಲ್ಲ, ಮೇಲಿತ್ತು, ಅದೇ ನಾಲ್ಕು ಮಡಿಕೆಯಲ್ಲಿ. ನೀರು ಕುದಿದು ಉಕ್ಕುವವರೆಗೂ ನಾನು ಅದನ್ನು ಮುಟ್ಟಲಿಲ್ಲ.