ಉರೋತ್ಸುಕು

ಕಳೆದ ವಾರ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಗಂಜಿ ಹಾಕಿದ ಖಾಕಿ ಬಟ್ಟೆಗೆ ಬಿಸಿ ಪೆಟ್ಟಿಗೆ ತಾಗಿ ವಾಸನೆ ಎದ್ದಿತು. ಅಜ್ಜಂಪುರದ ಮಿಲ್ಟ್ರಿ ಮಾವನ ಹತ್ತಿರ ಕೂತರೆ ಇದೇ ವಾಸನೆ...

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಟೀಚರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾವ ಹಿಂದೆ ಸಿಪಾಯಿಯಾಗಿದ್ದವರು. ಯುದ್ಧದಲ್ಲಿ ಜಪಾನಿನವರ ಕೈಗೆ ಸಿಕ್ಕಿ ಸಿಂಗಾಪುರದಲ್ಲಿ ಮೂರು ವರ್ಷ ಸೆರೆಯಲ್ಲಿದ್ದರಂತೆ. ಬೆಳಗ್ಗೆ ರೊಟ್ಟಿ ತಿಂದು ಖಾಕಿ ಚಡ್ಡಿ ತೊಟ್ಟು ಹೊರಟರೆ ಒಂದು ದಿನ ಶಿವನಿ ಕಡೆ, ಒಂದು ದಿನ ತರೀಕೆರೆ ರಸ್ತೆ. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಕೆಲಸ ಅಂತ ಏನೂ ಇರಲಿಲ್ಲ.

ಒಂದು ಭಾನುವಾರ ಜಗಲಿಯಲ್ಲಿ ಕೇಳಿಯೇ ಬಿಟ್ಟೆ. "ದಿನಾ ಎಲ್ಲಿಗೆ ಹೋಗ್ತೀರಿ ಮಾವ?"

"ಎಲ್ಲಿಗೂ ಇಲ್ಲ ಕಣಮ್ಮ. ಹಿಂಗೆ ಸುಮ್ನೆ ಅಡ್ಡಾಡೋದಕ್ಕೆ ಜಪಾನಿನೋರು ಉರೋತ್ಸುಕು ಅಂತಾರೆ. ಸೆರೇಲಿದ್ದಾಗ ಬೇಲಿ ಹತ್ರ ನಾಕು ಹೆಜ್ಜೆ ಹಾಕಿದ್ರೆ 'ಉರೋತ್ಸುಕುನಾ' ಅಂತ ಅರಚೋರು. ಅಡ್ಡಾಡ್ಬೇಡ ಅಂತ. ಆಮೇಲೆ ದೊಣ್ಣೆ. ನನ್ ಜೊತೆಗಾರ ಅದ್ರಲ್ಲೇ ಹೋದ. ಈಗ ಬೇಡ ಅನ್ನೋರಿಲ್ಲ. ಅದಕ್ಕೇ ನಡೀತೀನಿ" ಎಂದರು.

ಪರಭಾಷೆಯ ಮಾತೆಂದರೆ ನನಗೆ ಆಗ ಹುಚ್ಚು. ಮೂರು ಸಲ ಹೇಳಿಸಿಕೊಂಡು ಕಲಿತೆ. ನನ್ನ ಉಚ್ಚಾರಣೆ ತಿದ್ದುತ್ತಾ ನಕ್ಕರು ಕೂಡ.

ನಾಲ್ಕೈದು ತಿಂಗಳು ಕಳೆದಿರಬೇಕು. ಶಾಲೆ ಬಿಟ್ಟು ಸ್ಟೇಷನ್ ಹತ್ತಿರ ಬರುತ್ತಿದ್ದೆ. ಮಾವ ತಲೆ ತಗ್ಗಿಸಿ, ಏನೋ ಯೋಚನೆಯಲ್ಲಿ ಹಳಿಯ ಕಡೆ ಹೋಗುತ್ತಿದ್ದರು. ಬೀರೂರು ಕಡೆಯಿಂದ ಗೂಡ್ಸ್ ಗಾಡಿ ಕೂಗುತ್ತಾ ಬರುತ್ತಿತ್ತು. "ಮಾವ, ನಿಲ್ಲಿ!" ಎಂದು ಎರಡು ಸಲ ಕೂಗಿದೆ. ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಹಳಿ. ಗಂಟಲು ಹರಿಯುವಂತೆ ಕಿರುಚಿದೆ: "ಉರೋತ್ಸುಕುನಾ!"

ನಿಂತರು. ಗೂಡ್ಸ್ ಅವರ ಮೂಗಿನ ಮುಂದೆ ದಾಟಿ ಹೋಯಿತು.

ಓಡಿ ಹೋದೆ. ಎರಡೂ ಕೈ ತೊಡೆಗೆ ಒತ್ತಿ, ಗದ್ದ ಎತ್ತಿ ಸೆಟೆದು ನಿಂತಿದ್ದರು. ಚಡ್ಡಿ ಒದ್ದೆಯಾಗಿತ್ತು. "ನಾನು ಮಾವ, ಟೀಚರು" ಎಂದು ಎಷ್ಟು ಹೇಳಿದರೂ ನನ್ನ ಮುಖ ನೋಡಲಿಲ್ಲ. ಹೊಡೆತಕ್ಕೆ ಕಾಯುತ್ತಿದ್ದರು.

ಅಂದಿನಿಂದ ಹೊಸಿಲು ದಾಟಲಿಲ್ಲ. ಹಿತ್ತಲಿಗೆ ಹೋಗಲೂ ಹೆಂಡತಿಯ ಅಪ್ಪಣೆ ಕೇಳುತ್ತಿದ್ದರು. ನನ್ನ ಹೆಜ್ಜೆ ಸಪ್ಪಳವಾದರೆ ಎದ್ದು ನಿಲ್ಲುತ್ತಿದ್ದರು... ನಾನು ಬೇರೆ ಮನೆ ಹಿಡಿದೆ. ಮುಂದಿನ ವರ್ಷ ಮಾವ ತೀರಿಕೊಂಡರು.

"ಅವತ್ತು ನಮ್ಮನೆಯೋರ ಜೀವ ಉಳಿಸಿದ್ರಿ ಕಣಮ್ಮ" ಎಂದು ಮಾವನ ಸಾವಿನ ಮನೆಯಲ್ಲೂ ಅತ್ತೆ ನನ್ನ ಕೈ ಹಿಡಿದು ಅತ್ತರು. ಏನೆಂದು ಕೂಗಿ ಉಳಿಸಿದೆ ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ. ಈಗ ಹೇಳಿಬಿಡೋಣ ಅನ್ನಿಸುತ್ತದೆ. ಅತ್ತೆಯೂ ಹೋಗಿ ಎಷ್ಟೋ ವರ್ಷವಾಯಿತು.