ಒಂಬತ್ತನೇ ದಿನದ ಉದ್ಘಾಟನೆ

ಕೊರೊನಾ ಮುಗಿದ ಮರುವರ್ಷದ ಮಾರ್ಚ್ ತಿಂಗಳು. ಆಗ ನಾನು ಅರಕೆರೆಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಓದಿದ್ದು ಆರನೇ ಕ್ಲಾಸು. ಆದರೂ ಪಾಂಡವಪುರದಿಂದ ನಾಗಮಂಗಲದವರೆಗೆ ನಾನು ಹಾಕಿದ ಒಂದು ತಾರಸಿಯೂ ಸೋರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೂಕನಕೆರೆಯಿಂದಾಚೆ ಒಂದು ಸರ್ಕಾರಿ ಶಾಲೆಗೆ ಬೆಂಗಳೂರಿನ ದೊಡ್ಡ ದತ್ತಿ ಸಂಸ್ಥೆಯೊಂದು ಕುಡಿಯುವ ನೀರಿನ ಟ್ಯಾಂಕು ಕಟ್ಟಿಸುತ್ತಿತ್ತು. ಅವರ ದಾನದ ಡಬ್ಬ ಬಾಬುರಾಯನಕೊಪ್ಪಲಿನ ಹೋಟೆಲಿನ ಗಲ್ಲಾದ ಮೇಲೂ ಇತ್ತು. ಟೀ ಕುಡಿದು ಉಳಿದ ಚಿಲ್ಲರೆಯನ್ನು ನಾನೂ ಅದಕ್ಕೆ ಹಾಕಿದ್ದವನು.

ನಾಲ್ಕು ಪಿಲ್ಲರು, ಮೇಲೊಂದು ಸ್ಲ್ಯಾಬು, ಅದರ ಮೇಲೆ ಐದು ಸಾವಿರ ಲೀಟರಿನ ಟ್ಯಾಂಕು. ತುಂಬಿದರೆ ನೀರೇ ಐದು ಟನ್. ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ನೀರುಣಿಸಬೇಕು, ಇದಕ್ಕೆ ಕ್ಯೂರಿಂಗ್ ಎನ್ನುತ್ತೇವೆ. ಅಲ್ಲಿಯತನಕ ಅಡಿಯ ಆಸರೆ ಕಂಬಗಳನ್ನು ಮುಟ್ಟಬಾರದು.

ಸ್ಲ್ಯಾಬು ಹಾಕಿದ ಎಂಟನೇ ದಿನ ಸಂಸ್ಥೆಯ ಕೋಆರ್ಡಿನೇಟರ್ ಬಂದರು.

“ನಾಳೆ ಉದ್ಘಾಟನೆ ಮೇಸ್ತ್ರಿ. ಕಂಬ ತೆಗೆಸಿ. ಫೋಟೋದಲ್ಲಿ ಕೆಲಸ ಮುಗಿದ ಹಾಗೆ ಕಾಣಬೇಕು.”

“ಇನ್ನೂ ಅದಿಮೂರು ದಿನ ಆಗ್ಬೇಕಲ್ಲ ಸಾರ್.”

“ದಾನಿಗಳ ದುಡ್ಡು ಮೂವತ್ತೊಂದರೊಳಗೆ ಖರ್ಚಾಗಿ ರಿಪೋರ್ಟ್ ಹೋಗಬೇಕು. ನಿಮಗೆ ಆಗಲ್ಲ ಅಂದ್ರೆ ಹೇಳಿ, ಕೆ.ಆರ್. ಪೇಟೆಯಿಂದ ಬೇರೆ ಮೇಸ್ತ್ರಿ ಕರೆಸ್ತೀನಿ.”

ಆ ಕೊನೆಯ ಮಾತು ಚುಚ್ಚಿತು. ಮರುದಿನ ಬೆಳಿಗ್ಗೆ ಕೈಯಾರೆ ಎಲ್ಲ ಕಂಬ ತೆಗೆದೆ. ತಪ್ಪು ನನ್ನದು.

ಶಾಮಿಯಾನ ಎದ್ದಿತ್ತು. ಡ್ರೋನು, ಗ್ರಾನೈಟ್ ಫಲಕ ಬಂದಿದ್ದವು. ಸ್ಲ್ಯಾಬು ಹಾಕುವ ಮುಂಚೆ ನಾನು ನಾಲ್ಕು ಕಬ್ಬಿಣದ ಸರಳು ಹೆಚ್ಚಿಗೆ ಕೇಳಿದಾಗ ಬಜೆಟ್ಟಿಲ್ಲ ಎಂದಿದ್ದರು. ಈಗ ಕೇಳಿದರೆ, “ಲೆಕ್ಕದಲ್ಲಿ ಇದು ಪ್ರಚಾರದ ಹೆಡ್ಡು, ಅದು ಕಾಮಗಾರಿ ಹೆಡ್ಡು. ಇಲ್ಲಿಂದ ಅಲ್ಲಿಗೆ ಹಾಕೋ ಹಾಗಿಲ್ಲ” ಎಂದರು.

ರಿಬ್ಬನ್ ಕತ್ತರಿಸಿದಾಗ ನಲ್ಲಿಯಲ್ಲಿ ನೀರು ಬರಲೆಂದು ಟ್ಯಾಂಕು ತುಂಬಿಸಿದ್ದರು. ಪಿಲ್ಲರಿಗೆ ಹಚ್ಚಿದ ಫಲಕ ಫೋಟೋದಲ್ಲಿ ಕಾಣಲೆಂದು ಮಕ್ಕಳನ್ನು ಸ್ಲ್ಯಾಬಿನ ಅಡಿಯಲ್ಲೇ ಸಾಲಾಗಿ ನಿಲ್ಲಿಸಿದರು. ನಾನು ತಲೆಯೆತ್ತಿ ನೋಡಿದೆ. ನಡುವೆ ಕೂದಲೆಳೆಯಷ್ಟು ಬಿರುಕು. ಬೆಳಿಗ್ಗೆ ಅದು ಇರಲಿಲ್ಲ. ನೋಡುತ್ತಿದ್ದಂತೆ ಗೇಣುದ್ದ ಇದ್ದದ್ದು ಮೊಳದುದ್ದವಾಯಿತು.

ಕೂಗಿದರೆ ಮಕ್ಕಳು ಗಾಬರಿಯಾಗಿ ಪಿಲ್ಲರನ್ನೇ ತಬ್ಬಿ ನಿಂತರೆ? ಬಿಸಿಯೂಟದ ನಿಂಗಮ್ಮನ ಬಳಿ ಹೋದೆ.

“ಏನ್ಲಾ ಮೇಸ್ತ್ರಿ, ಮದ್ವೆ ಗಂಡಿನಂಗೆ ಬೆವರ್ತಿದ್ದೀಯ?”

“ಅಕ್ಕ, ತಟ್ಟೆ ಬಡಿ.”

“ಅನ್ನ ಇನ್ನೂ ಬೆಂದಿಲ್ಲ ಕಣ್ಲಾ.”

“ಬೇಯ್ದೆ ಇದ್ರೂ ಬಡಿ. ಮ್ಯಾಲಿಂದು ಬೀಳಂಗದೆ.”

ಆಕೆ ಸೌಟು ತೆಗೆದು ತಟ್ಟೆ ಬಡಿದಳು. ದಿನಾ ಊಟಕ್ಕೆ ಕರೆಯುವ ಸದ್ದು ಅದು. ಮಕ್ಕಳು ಕ್ಯಾಮೆರಾ ಬಿಟ್ಟು ಅಡುಗೆಮನೆಗೆ ಓಡಿದವು. ಬೆಂಗಳೂರಿನಿಂದ ಬಂದಿದ್ದ ದಾನಿಗಳು ನಗುತ್ತಾ ಮಕ್ಕಳ ಹಿಂದೆಯೇ ಹೋದರು.

ಟ್ಯಾಂಕಿನ ನೀರು ಹೊರಗೆ ಬಿಡುವ ವಾಲ್ವು ಇದ್ದದ್ದು ಸ್ಲ್ಯಾಬಿನ ಕೆಳಗೇ. ಒಳಗೆ ಹೋದೆ. ವಾಲ್ವು ಬಿಗಿಯಾಗಿತ್ತು, ಎರಡು ಸಲ ಕೈ ಜಾರಿತು. ಮೂರನೇ ಸಲಕ್ಕೆ ತಿರುಗಿ, ನೀರು ಅಂಗಳಕ್ಕೆ ಹರಿಯತೊಡಗಿತು.

“ಇಡೀ ಪ್ರೋಗ್ರಾಮ್ ಹಾಳು ಮಾಡಿದ್ರಲ್ಲ” ಎಂದು ಕೋಆರ್ಡಿನೇಟರ್ ಓಡಿ ಬಂದರು.

“ಆಳಾಗ್ಲಿ ಬುಡಿ ಸಾರ್. ಅಲ್ಲೇ ನಿಂತ್ಕಂಡು ಮ್ಯಾಲಕ್ಕೆ ನೋಡಿ.”

ನೋಡಿದರು. ಅಲ್ಲೇ ನೆಲದ ಮೇಲೆ ಕೂತರು.

ಸ್ಲ್ಯಾಬು ಒಡೆದು ಮತ್ತೆ ಹಾಕಿದೆ. ಇಪ್ಪತ್ತೊಂದು ದಿನ ಕಾದೆ. ಅದಕ್ಕೆ ಹಣ ಯಾವ ಹೆಡ್ಡಿನಿಂದ ಬಂತೋ ಕೇಳಲಿಲ್ಲ.

ಆಮೇಲೆ ಸಂಸ್ಥೆಯ ವಾರ್ಷಿಕ ವರದಿ ಬಂತು, ಬಣ್ಣದ ಪುಸ್ತಕ. ತಟ್ಟೆ ಬಡಿಯುವ ಮುಂಚೆ ತೆಗೆದ ಫೋಟೋವನ್ನೇ ಹಾಕಿ, ಕೆಳಗೆ ‘ಕಾಮಗಾರಿ ಪೂರ್ಣ’ ಎಂದು ಬರೆದಿದ್ದರು. ಅದರಲ್ಲಿ ಇಪ್ಪತ್ತಾರು ಮಕ್ಕಳು ನಗುತ್ತಿದ್ದಾರೆ. ಪುಸ್ತಕ ಕೈಗೆ ಸಿಕ್ಕಾಗಲೆಲ್ಲ ಈಗಲೂ ಎಣಿಸುತ್ತೇನೆ.

ಡಬ್ಬಕ್ಕೆ ಚಿಲ್ಲರೆ ಹಾಕುವುದನ್ನು ಬಿಟ್ಟಿಲ್ಲ. ಆದರೆ ಯಾರ ಕೆಲಸ ಹಿಡಿದರೂ ಮೊದಲು ಉದ್ಘಾಟನೆ ಯಾವತ್ತು ಎಂದು ಕೇಳುತ್ತೇನೆ, ಕಂಬ ತೆಗೆಯುವ ದಿನದ ತೀರ್ಮಾನ ನನ್ನದು ಎಂದು ಬರೆಸಿಕೊಳ್ಳುತ್ತೇನೆ. ಬೇರೆ ಮೇಸ್ತ್ರಿಯನ್ನು ಕರೆಸುತ್ತೇವೆ ಎಂದರೆ ಕರೆಸಿ ಎನ್ನುತ್ತೇನೆ. ಆಮೇಲೆ ಆ ಮೇಸ್ತ್ರಿಗೂ ಒಂದು ಫೋನು ಮಾಡಿ, ಇಪ್ಪತ್ತೊಂದು ದಿನ ಕಂಬ ಮುಟ್ಟಬೇಡ ಎನ್ನುತ್ತೇನೆ.